ಹೇಸರಗತ್ತೆಗೆ ಇಟ್ಟ ಹೆಸರು

ಮಾಯಪ್ಪ ಮಿಲಿಟರಿ ಬಿಟ್ಟು ತನ್ನೂರು ಅಕ್ಕೋಳಕ್ಕೆ ಬಂದಾಗ ಅವನ ಹೆಂಡತಿ ಸುಂದರಾಗೆ ಮೊದಲು ಆದದ್ದು ಸಂತೋಷವೇ. ಮದುವೆಯಾಗಿ ಆರು ವರ್ಷ, ಗಂಡನನ್ನು ಅವಳು ಕಂಡದ್ದು ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ ಮಾತ್ರ. ೧೯೮೭ರ ಶ್ರಾವಣದಲ್ಲಿ ಅವನು ಕಬ್ಬಿಣದ ಟ್ರಂಕನ್ನು ಪಡಸಾಲೆಯಲ್ಲಿಳಿಸಿ, "ಇನ್ನ ಹೋಗಾಂಗಿಲ್ಲ" ಎಂದಷ್ಟೇ ಹೇಳಿದ.

ಮೂರ್ಛೆರೋಗ. ಹಿಮದ ಗುಡ್ಡಗಳಲ್ಲಿ ಎರಡು ಸಲ ಬಿದ್ದಿದ್ದ. ಪುಣೆಯ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ನೋಡಿದ ಮೇಲೆ, ಇವನು ಸೇವೆಗೆ ಆಗುವುದಿಲ್ಲವೆಂದು ಡಾಕ್ಟರರು ಬರೆದುಕೊಟ್ಟಿದ್ದರು. ದಿನಕ್ಕೆರಡು ಗುಳಿಗೆ. ಬಾವಿಗಿಳಿಯಬಾರದು, ಸೈಕಲ್ ಹತ್ತಬಾರದು.

ಸುಂದರಾ ತಂಬಾಕಿನ ಹೊಲಕ್ಕೆ ಕುಡಿ ಚಿವುಟಲು ಹೋದರೆ ಅವನೂ ಹೋಗಿ ಬದುವಿನ ಮೇಲೆ ಕೂತು ಎತ್ತಲೋ ದೂರ ನೋಡುತ್ತಿದ್ದ. ಒಂದು ಮಧ್ಯಾಹ್ನ ಅಲ್ಲೇ ಬಿದ್ದ. ಅವಳು ಓಡಿಬಂದು ಮಗ್ಗುಲಿಗೆ ಹೊರಳಿಸಿದಳು. ಪೂರ್ತಿ ಎಚ್ಚರವಾಗುವ ಮುನ್ನ ಅವನು ತೊದಲಿದ: "ಸುಂದರಾ, ಸಾವಕಾಶ... ಕಲ್ಲ ಜಾರತೈತಿ."

"ಇಲ್ಲೇ ಅದೀನ್ರಿ."

ಪ್ರತಿ ಸಲವೂ ಅದೇ ಮಾತು. ಮೈಮೇಲೆ ಎಚ್ಚರವಿಲ್ಲದಾಗಲೂ ಗಂಡನ ಬಾಯಲ್ಲಿ ತನ್ನ ಹೆಸರೇ ಬರುತ್ತದೆಂದು ಅವಳಿಗೆ ದುಃಖದಲ್ಲೂ ಒಂದು ಹಿಗ್ಗು.

ಎರಡು ವರ್ಷಗಳ ನಂತರ, ಮಿಲಿಟರಿಯಲ್ಲಿ ಅವನ ಜೊತೆಗಿದ್ದ ರಾಯಬಾಗದ ರಾಜಾರಾಮ ಮರಾಠಿಯಲ್ಲಿ ಕಾಗದ ಬರೆದ. ಗುಳಿಗೆಯಿಂದ ಮಾಯಪ್ಪನ ಕಣ್ಣು ಮಂಜಾಗುತ್ತಿದ್ದುದರಿಂದ ಸುಂದರಾಳೇ ಓದಿ ಹೇಳಿದಳು. 'ನಿನ್ನ ಸುಂದರಾ ಆರಾಮಾಗಿದ್ದಾಳೆ. ಆ ಹೆಸರು ಕರೆದರೆ ಮಾತ್ರ ಹೆಜ್ಜೆ ಎತ್ತುತ್ತಾಳೆ...' ಅವಳು ಅಲ್ಲಿಗೇ ನಿಲ್ಲಿಸಿದಳು.

"ಇಕಿ ಯಾರ್ರಿ?"

"ಹೇಸರಗತ್ತಿ," ಎಂದ ಮಾಯಪ್ಪ.

ಗುಡ್ಡದ ಮೇಲಿನ ಠಾಣೆಗಳಿಗೆ ರೇಷನ್ ಹೊರುವ ಹೇಸರಗತ್ತೆಯನ್ನು ನಡೆಸುವುದೇ ಅವನ ಕೆಲಸವಾಗಿತ್ತು. ಮೊದಲ ಸಲ ಬಿದ್ದಾಗ ಅದರ ಹಗ್ಗ ಅವನ ಮುಂಗೈಗೆ ಸುತ್ತಿಕೊಂಡಿತ್ತು, ಪಕ್ಕದಲ್ಲಿ ಕಣಿವೆ. ಅದು ಬೆದರಿ ಒಂದು ಹೆಜ್ಜೆ ಇಟ್ಟಿದ್ದರೂ ಇಬ್ಬರೂ ಉಳಿಯುತ್ತಿರಲಿಲ್ಲ. ಹಿಂದೆ ಬರುತ್ತಿದ್ದವರು ತಲುಪುವ ತನಕ ಬೆನ್ನ ಮೇಲಿನ ಹೇರಿನ ಸಮೇತ ಅಲುಗದೆ ನಿಂತಿತ್ತು.

"ಅದಕ್ಕ ನನ್ನ ಹೆಸರ ಯಾಕ ಇಟ್ರಿ?"

"ನಿನ್ನ ಹೆಸರ ಕರೀಬೇಕ ಅನಸ್ತಿತ್ತು. ಅಲ್ಲಿ ಮತ್ಯಾರನ್ನ ಕರೀಲಿ?"

ಅವಳಿಗೆ ಸಿಟ್ಟೂ ಬರಲಿಲ್ಲ, ನಗೆಯೂ ಬರಲಿಲ್ಲ. ಕಾಗದ ಮಡಚಿ ಅವನ ಕೈಗಿತ್ತು, ಕೊಡ ಎತ್ತಿಕೊಂಡು ನೀರಿಗೆ ಹೋದಳು. ಇವನು ಬದುವಿನ ಮೇಲೆ ಕೂತು ಯಾವ ಕಡೆ ನೋಡುತ್ತಾನೆಂಬುದು ಅಂದು ಅವಳಿಗೆ ತಿಳಿಯಿತು.

೧೯೯೨ರಲ್ಲಿ ರಾಜಾರಾಮ ರಜೆಗೆ ಬಂದವನು ಮನೆಗೂ ಬಂದ. ಪ್ರಾಣಿಗೆ ವಯಸ್ಸಾಯಿತೆಂದು ಗುಡ್ಡದಿಂದ ಕೆಳಗೆ ಸಾಗಿಸಿದರು, ಮುಂದೆ ಏನಾಯಿತೋ ಗೊತ್ತಿಲ್ಲ ಎಂದ. ಮಾಯಪ್ಪ ಅವನಿಗೆ ಚಹಾ ಕುಡಿಸಿ, ಬಸ್‌ಸ್ಟ್ಯಾಂಡಿನವರೆಗೆ ಕಳಿಸಿಬಂದ. ಆಮೇಲೆ ಮೂರು ದಿನ ಮಾತಾಡಲಿಲ್ಲ.

ಅಷ್ಟರಲ್ಲಿ ನಿಪ್ಪಾಣಿಯ ಡಾಕ್ಟರರ ಹೊಸ ಔಷಧಿಯಿಂದ ಬೀಳುವುದು ಕಡಿಮೆಯಾಗಿತ್ತು. ಊರಿನ ತಂಬಾಕಿನ ಗೋದಾಮೊಂದರಲ್ಲಿ ಹಗಲು ಕಾವಲಿನ ಕೆಲಸವೂ ಸಿಕ್ಕಿತ್ತು. ನಾಲ್ಕನೆಯ ದಿನ ಸಂಜೆ ಸುಂದರಾ ಗೋದಾಮಿನ ಬಾಗಿಲಿಗೆ ಬಂದು ಅವನ ಪಕ್ಕ ಕುಳಿತಳು.

"ಬರ್ಫ ಬೀಳೂಮುಂದ ಸಪ್ಪಳ ಆಗತೈತೇನ್ರಿ?"

ಮಾಯಪ್ಪ ಯೋಚಿಸಿದ. "ಇಲ್ಲ. ಇದ್ದ ಸಪ್ಪಳಾನೂ ಹೋಗತೈತಿ."

"ನಾನೂ ಒಮ್ಮೆ ನೋಡಬೇಕಿತ್ತು," ಎಂದಳು ಅವಳು. ಅವನು ಆ ಗುಡ್ಡದ ದಿನಗಳ ಕತೆ ಹೇಳತೊಡಗಿದ.