ಬಾಯಿ ಕೊರೆದ ಸೋರೆಬುರುಡೆ

ನನ್ನ ಹೆಂಡತಿ ತಿರುಮಕೂಡಲಿನವಳು. ಕಾವೇರಿ, ಕಪಿಲೆ ಕೂಡುವ ಕಡೆ ಈಜಿ ಬೆಳೆದವಳು. ಮದುವೆಯಾಗಿ ನಂಜನಗೂಡಿಗೆ ಬಂದಾಗ ಸೀರೆಗಳ ಜೊತೆ ಒಂದು ಒಣಗಿದ ಸೋರೆಬುರುಡೆಯನ್ನೂ ತಂದಿದ್ದಳು. ಬೆನ್ನಿಗೆ ಕಟ್ಟಿಕೊಂಡರೆ ಮಕ್ಕಳು ಮುಳುಗುವುದಿಲ್ಲ. ಅವಳು ಈಜು ಕಲಿತದ್ದು ಅದರಿಂದಲೇ.

ಆ ವರ್ಷ ಮಾಗಿಯ ಬೆಳಗುಗಳಲ್ಲಿ ಬಟ್ಟೆ ಒಗೆಯಲು ಹೋದವಳು ಸೀರೆ ಬಿಗಿದು ಕಪಿಲೆಗಿಳಿಯುತ್ತಿದ್ದಳು. ಮೈ ಕೊರೆಯುವ ನೀರು. ಕೆನ್ನೆ ಕೆಂಪಗಾಗಿ, ಏನೋ ಗುನುಗುತ್ತಾ ಮನೆಗೆ ಬರುವಳು. ಆ ಗುನುಗು ಈಗಲೂ ನನ್ನ ಕಿವಿಯಲ್ಲಿದೆ.

ಒಂದು ದಿನ ಅವಳು ನೀರಿನಲ್ಲಿದ್ದಾಗ ನದಿಯ ಮೆಟ್ಟಿಲ ಮೇಲೆ ಗೆಳೆಯನೊಬ್ಬ, "ನಿನ್ನೆಂಡ್ರು ಮೀನು ಕಣ್ಲಾ, ನೀನು ಕಲ್ಲು!" ಎಂದು ನಕ್ಕ. ನನಗೆ ಈಜು ಬರುತ್ತಿರಲಿಲ್ಲ. ಮನೆಗೆ ಬಂದವನೇ, ತಣ್ಣೀರಿಗೆ ಬಿದ್ದರೆ ಹೆಂಗಸರಿಗೆ ಗರ್ಭ ನಿಲ್ಲುವುದಿಲ್ಲವಂತೆ ಎಂದೆ. ಯಾರೂ ಹೇಳಿದ್ದಲ್ಲ, ನಾನೇ ಕಟ್ಟಿದ ಮಾತು. ನನ್ನ ಅವ್ವ ಹೌದೆಂದು ತಲೆಯಾಡಿಸಿದಳು. ಇವಳ ಈಜು ಅಲ್ಲಿಗೆ ನಿಂತಿತು.

ಮಗಳು ಈಜು ಕಲಿಯುವಷ್ಟು ಬೆಳೆದಾಗ ಹೆಂಡತಿ ಬುರುಡೆ ಹುಡುಕಿದಳು. ಅಷ್ಟರಲ್ಲಿ ನಾನು ಅದರ ಬಾಯಿ ಕೊರೆದು ಅವರೆ ಬೀಜ ತುಂಬಿ ಅಟ್ಟಕ್ಕೆ ಕಟ್ಟಿದ್ದೆ. ಬಾಯಿ ಕೊರೆದ ಬುರುಡೆಗೆ ನೀರು ನುಗ್ಗುತ್ತದೆ, ಅದು ತೇಲುವುದಿಲ್ಲ.

"ಬೀಜಕ್ಕೆ ಬೇರೆ ಬುರುಡೆ ಇರ್ನಿಲ್ವಾ?" ಎಂದಳು, ಅಷ್ಟೇ.

ಈಗ ಅವಳಿಗೆ ಮಂಡಿನೋವು. ರಾತ್ರಿ ನಿದ್ದೆಯಿಲ್ಲ. ಹೋದ ವರ್ಷ ಡಾಕ್ಟರಮ್ಮ, "ಈಜಿ. ನೀರು ಮೈಭಾರ ಹೊರುತ್ತೆ, ಮನಸ್ಸೂ ಹಗುರಾಗುತ್ತೆ. ತಣ್ಣೀರಿಗೆ ಮಾತ್ರ ನಿಧಾನವಾಗಿ ಇಳೀರಿ, ಜಾಸ್ತಿ ಹೊತ್ತು ಬೇಡ," ಎಂದರು. ಹೆಂಡತಿ ನನ್ನತ್ತ ಕೈ ತೋರಿಸಿ, "ಇವರನ್ನ ಕೇಳಿ," ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹಳೆಯ ಸುಳ್ಳನ್ನು ಒಪ್ಪಿಕೊಂಡೆ. ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು:

"ಗೊತ್ತಿತ್ತು ಕಣ್ರೀ. ನಮ್ಮವ್ವ ದಿನಾ ಈಜ್ಕಂಡೇ ಆರು ಮಕ್ಳನ್ನ ಎತ್ತೌಳೆ."

"ಮತ್ಯಾಕೆ ಸುಮ್ನಿದ್ದೆ?"

"ಕಲ್ಲು ಅಂದಿದ್ದು ನಂಗೂ ಕೇಳಿಸ್ತು. ನಿಮ್ಮ ಮೊಕ ನೋಡ್ದೆ, ಸುಮ್ನಾದೆ."

ಅವಳು ನನ್ನ ಮಾನ ಉಳಿಸಲು ಹೊಳೆಯನ್ನೇ ಬಿಟ್ಟಿದ್ದಳು.

ಈಗ ಹೊಳೆ ಶಾಂತವಾಗಿರುವ ದಿನಗಳಲ್ಲಿ ಇಬ್ಬರೂ ಹೋಗುತ್ತೇವೆ. ಅವಳು ದಡದ ಹತ್ತಿರವೇ ಈಜುತ್ತಾಳೆ. ನಾನು ಟವೆಲು, ಸ್ವೆಟರು ಹಿಡಿದು ಮೆಟ್ಟಿಲ ಮೇಲೆ ಕೂರುತ್ತೇನೆ. ಮಂಡಿನೋವು ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಬರುತ್ತಿದೆ. ಮೊನ್ನೆ ದಾರಿಯಲ್ಲಿ ಗುನುಗಿದಳು. ನಾನು ಹಿಂದೆಯೇ ಉಳಿದು ಕೇಳಿಸಿಕೊಂಡೆ.

ಹಿತ್ತಲಿನ ಬಳ್ಳಿಯಲ್ಲಿ ಒಂದು ಸೋರೆಕಾಯಿ ಕೀಳದೆ ಒಣಗಲು ಬಿಟ್ಟಿದ್ದೇನೆ. "ಮೊಮ್ಮಗಳಿಗೆ," ಎಂದೆ.

"ಮೊದ್ಲು ನಿಮ್ಗೆ. ಇನ್ನೊಂದೂ ಬುಡಿ, ನೀವು ಒಂದಕ್ಕೆ ತೇಲೋರಲ್ಲ."