ಎಡಗಡೆಯ ಫೆಂಡರ್

ಕಲ್ಲು ತಡೆದದ್ದು ನನ್ನ ಬಣ್ಣವಲ್ಲ. ಬಣ್ಣದ ಮೇಲೆ ನಾನು ಕದ್ದುಮುಚ್ಚಿ ಅಂಟಿಸಿದ್ದ, ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಆ ಹಾಳೆಯ ಪುಣ್ಯದಿಂದ ನಾನು ಬೆಳಗಾವಿಯ ಅತಿ ದೊಡ್ಡ ಕಾರ್ ಪೇಂಟರ್ ಅನ್ನಿಸಿಕೊಂಡೆ. ಅದರ ದೆಸೆಯಿಂದಲೇ ನನ್ನ ಗೆಳೆಯ ಪರಶುರಾಮ ಸ್ಪ್ರೇ ಗನ್ ಕೆಳಗಿಟ್ಟ. ಬಾಯಿ ಬಿಟ್ಟ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ನಾನು ಸೊಕ್ಕಿನ ಮನುಷ್ಯ. ಆಗಲೂ, ಈಗಲೂ. ನಾನು ಬಣ್ಣ ಹೊಡೆದ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು — ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಊರಲ್ಲಿ ಯಾರ ಕಾರಿಗೆ ಗೀರು ಬಿದ್ದರೂ ಮೊದಲು ನನ್ನ ಹೆಸರು ಬರುತ್ತದೆ. ಆದರೆ ಹೊಳಪು ಬೇರೆ, ತಾಳಿಕೆ ಬೇರೆ. ಈ ಮಾತು ನನಗೂ ಪರಶುರಾಮನಿಗೂ ಒಟ್ಟಿಗೆ ಕೆಲಸ ಕಲಿಸಿದ ಉಸ್ತಾದರದು. "ಗಟ್ಟಿ ಮಾಡ್ತೀನಂತ ಹಾರ್ಡ್ನರ್ ಸುರೀಬ್ಯಾಡ್ರಿ. ಹಪ್ಪಳ ಆಗ್ತೈತಿ, ಕಲ್ಲು ಬಿದ್ದ ಕೂಡ್ಲೆ ಚೂರು. ಬಣ್ಣ ಚಪಾತಿ ಇದ್ದಂಗ ಇರಬೇಕು," ಅನ್ನುತ್ತಿದ್ದರು. ಹೊಳಪು ನನಗೆ ಒಲಿಯಿತು. ಆ ಚಪಾತಿಯ ಹದ — ಅದು ಖಾನಾಪುರದ ಪರಶ್ಯಾನಿಗೆ ಒಲಿಯಿತು. ಒಳಗೊಳಗೆ ನನಗಿದು ಗೊತ್ತಿತ್ತು. ಹೊರಗೆ ಒಪ್ಪಿಕೊಳ್ಳುವ ಗಂಡಸು ನಾನಾಗಿರಲಿಲ್ಲ.

ಹಿಂದವಾಡಿಯಲ್ಲಿ ಮನೆ, ಖಾನಾಪುರದಲ್ಲಿ ಹೆಂಚಿನ ಕಾರ್ಖಾನೆ ಇದ್ದ ಮಾಲಕರೊಬ್ಬರು ಕೆಂಪು ಸ್ಪೋರ್ಟ್ಸ್ ಕಾರ್ ತಂದರು. ನೆಲಕ್ಕೆ ಮೂಗು ತಾಗಿಸಿಕೊಂಡು ಓಡುವ ಗಾಡಿ. ಅಂಥ ಗಾಡಿಯ ದೊಡ್ಡ ಕಷ್ಟವೇ ಅದು: ಮೂಗು ಕೆಳಗಿದ್ದಷ್ಟೂ ಮುಂದಿನ ಲಾರಿಯ ಗಾಲಿ ಸಿಡಿಸುವ ಕಲ್ಲು ನೇರ ಬಂದು ಬಡಿಯುತ್ತದೆ. ಕಂಪನಿಯವರು ಹೊಡೆದ ಬಣ್ಣ ನೋಡಲು ರಾಜ, ತಡೆಯಲು ತೆಳು. ಆಗ ಖಾನಾಪುರ ರಸ್ತೆ ಅಗಲವಾಗುತ್ತಿತ್ತು, ದಿನವಿಡೀ ಖಡಿ, ಜಲ್ಲಿ ತುಂಬಿದ ಲಾರಿಗಳು. ಕಾರಿನ ಮುಖಕ್ಕೆ ಸಿಡುಬು ಎದ್ದಂತಾಗಿತ್ತು. ಮಾಲಕರು ನಮ್ಮಿಬ್ಬರನ್ನೂ ಕರೆಸಿ ನಗುತ್ತ ಪೈಜು ಕಟ್ಟಿದರು. ಮುಂದಿನ ಗಾಲಿಗಳ ಮೇಲಿನ ಎರಡು ಫೆಂಡರ್‌ಗಳಲ್ಲಿ ಒಂದೊಂದು ನಮಗೆ. ಮಳೆಗಾಲ ಮುಗಿಯುವವರೆಗೆ ಅವರು ದಿನಾ ಆ ರಸ್ತೆಯಲ್ಲಿ ಓಡಿಸುತ್ತಾರೆ. ಯಾರ ಬಣ್ಣ ತಾಳಿತೋ ಇಡೀ ಕಾರಿಗೆ ಬಣ್ಣ ಹೊಡೆಯುವ ಕೆಲಸ ಅವನಿಗೆ.

"ಎದುರಿನ ಲಾರಿ ಎಲ್ಲಾ ಬಲಗಡೀಗೆ ಬರ್ತಾವ," ಅಂದ ಪರಶ್ಯಾ. "ಆ ಕಡೆ ನಾ ಹೊಡೀತೀನಿ. ನೀ ಎಡಗಡೆ ಆರಾಮ ಹೊಡಿಯಪಾ, ಬಸ್ಯಾ."

ಎಂಥ ಜಂಬ! ನನಗೆ ಮೈಯೆಲ್ಲ ಉರಿಯಿತು. ಕಷ್ಟದ ಕಡೆಯನ್ನು ಅವನೇ ಕೇಳಿ ಪಡೆದಿದ್ದ — ಅಂದರೆ ನನ್ನ ಸೋಲನ್ನು ಅವನು ಆಗಲೇ... ಇಲ್ಲ, ಅವನ ಮನಸ್ಸಿನಲ್ಲಿ ಹಾಗಿರಲಿಲ್ಲ. ಅವನಿಗೆ ತನ್ನ ಬಣ್ಣದ ಮೇಲೆ ನಂಬಿಕೆ ಇತ್ತು, ಅಷ್ಟೇ.

ಅವನ ಫೆಂಡರ್ ಒಣಗಿದ ದಿನ ಉಗುರಿನಿಂದ ತಟ್ಟಿ ನೋಡಿದೆ. ಉಸ್ತಾದರ ಕೈಯದೇ ಸದ್ದು. ಸೋಲುತ್ತೇನೆ ಅನ್ನುವುದು ಆ ಕ್ಷಣಕ್ಕೆ ಖಚಿತವಾಯಿತು. ಗೋವಾದಲ್ಲಿ ಒಂದು ಶೋರೂಮಿನಲ್ಲಿ ಕಾರಿಗೆ ಅಂಟಿಸುವ ಪಾರದರ್ಶಕ ಹಾಳೆ ನೋಡಿ ಬಂದಿದ್ದೆ. ಆಗ ನಮ್ಮೂರಲ್ಲಿ ಯಾರಿಗೂ ಅದರ ಸುದ್ದಿ ಗೊತ್ತಿರಲಿಲ್ಲ. ಹೋಗಿ ತಂದೆ. ಸಾಬೂನು ನೀರು ಹಾಕಿ, ಗುಳ್ಳೆ ತೆಗೆದು, ಅಂಚು ಒಳಕ್ಕೆ ಮಡಚಿ ನನ್ನ ಫೆಂಡರಿಗೆ ಅಂಟಿಸಿದೆ. ಅದನ್ನೂ ಎಷ್ಟು ಚಂದ ಮಾಡಿದ್ದೆ ಅಂದರೆ, ಮಾಲಕರು ಕೈಯಾಡಿಸಿದರೂ ಗೊತ್ತಾಗಲಿಲ್ಲ. ನಾಚಿಕೆಗೇಡಿ ಕೆಲಸದಲ್ಲೂ ನನಗೆ ಹೆಮ್ಮೆಯೇ ಇತ್ತು ನೋಡಿ.

ಮಳೆ ನಿಂತಿತು. ತೊಳೆಯಲೆಂದು ಕಾರು ಮೊದಲು ನನ್ನ ಶೆಡ್ಡಿಗೇ ಬಂತು. ಬಿಸಿಗಾಳಿ ಊದುವ ಯಂತ್ರ ಹಿಡಿದು ಹಾಳೆ ಕಿತ್ತೆ. ಅದರ ತುಂಬ ಕಲ್ಲು ಚುಚ್ಚಿದ ಗುರುತು. ಕೆಳಗೆ ನನ್ನ ಬಣ್ಣ ಮದುಮಗಳ ಹಾಗೆ ಹೊಳೆಯುತ್ತಿತ್ತು. ಊರಿನ ಪೇಂಟರುಗಳೆಲ್ಲ ಬಂದು ಬಗ್ಗಿ ಬಗ್ಗಿ ನೋಡಿದರು. ಬಲಗಡೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಎಡಗಡೆ ಒಂದೂ ಇಲ್ಲ. ಜನ ನನ್ನನ್ನು ಎತ್ತಿಕೊಳ್ಳುವುದೊಂದು ಬಾಕಿ.

ಎಲ್ಲರೂ ಹೋದ ಮೇಲೆ ಪರಶ್ಯಾ ಉಳಿದುಕೊಂಡ.

"ಬಸ್ಯಾ, ಖರೇ ಹೇಳ. ಏನ್ ಹಾಕಿದ್ದಿ ಅದರಾಗ?"

ಅವನ ಮುಖದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಕಲಿಯುವ ಆಸೆ ಇತ್ತು. ಆಗಲಾದರೂ ಹೇಳಬಹುದಿತ್ತು — ನಕ್ಕು, ಬೆನ್ನಿಗೊಂದು ಗುದ್ದಿ, ಮೋಸ ಮಾಡೀನೋ ಪರಶ್ಯಾ ಅಂದಿದ್ದರೆ ಅವನು ನಾಲ್ಕು ಬೈದು ಚಹಾ ಕುಡಿಸಿ ಬಿಡುತ್ತಿದ್ದ. ನಾನು ಅಂದದ್ದು ಬೇರೆ.

"ಏನೂ ಹಾಕಿಲ್ಲೋ. ಕೈಗುಣ ಅದು. ಕೆಲವ್ರಿಗಿ ಬರ್ತೈತಿ, ಕೆಲವ್ರಿಗಿ ಬರಂಗಿಲ್ಲ."

ಆ ಮಾತು ಅವನನ್ನು ತಿಂದುಹಾಕಿತು. ಹದದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳುತ್ತಿದ್ದ. ಕೈಯೇ ಸರಿ ಇಲ್ಲ ಅಂದರೆ ಏನು ಮಾಡಿಯಾನು? ಆ ಖಂಡೇನವಮಿಯ ಆಯುಧಪೂಜೆಗೆ ತನ್ನ ಗನ್ ಅನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಪೂಜೆಯಲ್ಲಿಟ್ಟ. ಮರುದಿನ ತೆಗೆದುಕೊಂಡು ಹೋಗಲಿಲ್ಲ. "ನಿನ್ನ ಕಡೆನ ಇರ್ಲಿ. ಮರ್ಯಾದಿ ಇರೋ ಕೈಯಾಗ ಇರ್ಲಿ," ಅಂದ. ಅಂದಿನಿಂದ ಖಾನಾಪುರದಲ್ಲಿ ಮನೆಗಳ ಗೋಡೆಗೆ ರೋಲರ್ ಹಿಡಿದು ಬಣ್ಣ ಬಳಿಯುತ್ತಾನೆ.

ಪ್ರತಿ ದಸರೆಗೆ ಅವನೇ ಬೆಳಗಾವಿಗೆ ಬಂದು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತಿದ್ದ. ಹಳೆಯ ಜಗಳ ಮರೆಯಲೆಂದೇ ನಮ್ಮ ಕಡೆ ಬನ್ನಿ ಕೊಡುವುದು. ಅವನಿಗೆ ನನ್ನ ಮೇಲೆ ಮರೆಯಲಿಕ್ಕೆ ಏನೂ ಇರಲಿಲ್ಲ. ನಾನು ತೆಗೆದುಕೊಳ್ಳುತ್ತಿದ್ದೆ, ಹಲ್ಲು ಕಿಸಿಯುತ್ತಿದ್ದೆ, ಉಂಡಿ ತಿನ್ನಿಸಿ ಕಳಿಸುತ್ತಿದ್ದೆ.

ಈ ವರ್ಷ ಪೇಂಟರುಗಳೆಲ್ಲ ಸೇರಿ ನನಗೆ ಸನ್ಮಾನ ಇಟ್ಟರು. ಪರಶ್ಯಾ ಫೋನ್ ಮಾಡಿದ. ದನಿಯಲ್ಲಿ ಹಿಗ್ಗು: "ಲೇ ಬಸ್ಯಾ, ನಿನಗ ಶಾಲು ನಾನ ಹೊದಿಸ್ತೀನಂತ ಹೇಳೀನಿ ಅವ್ರಿಗಿ!" ನನ್ನ ಸೊಕ್ಕು ಏನನ್ನು ಬೇಕಾದರೂ ನುಂಗಿತ್ತು. ಅವನ ಕೈಯಿಂದ ಶಾಲು — ಅದನ್ನು ನುಂಗಲು ಆಗಲಿಲ್ಲ.

ದಸರೆಯ ಬೆಳಿಗ್ಗೆ, ಅವನು ಹೊರಡುವ ಮೊದಲೇ, ಅವನ ಗನ್ ತೆಗೆದುಕೊಂಡು ನಾನೇ ಖಾನಾಪುರಕ್ಕೆ ಹೋದೆ. ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಗೋವಾದ ಹಾಳೆ, ಸಾಬೂನು ನೀರು, ಬಿಸಿಗಾಳಿ, ಎಲ್ಲ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ಕೇಳಿದ್ದು ಬೇರೆಯೇ.

"ನನ್ನ ಕಡೆ ಎಷ್ಟು ಚುಕ್ಕಿ ಬಿದ್ದಿದ್ದು?"

"ಐದೋ ಆರೋ. ಒಂದರಾಗೂ ತಗಡು ಕಂಡಿರಲಿಲ್ಲ."

"ಆ ರಸ್ತೇದಾಗ? ಎದುರಿನ ಲಾರಿ ಕಡೆ? ಇಡೀ ಮಳಿಗಾಲ?"

"ಹೂಂ."

ಅವನು ದಡಕ್ಕನೆ ಎದ್ದ. "ಏ, ಬಾ ಇಲ್ಲೆ! ಇಂವಾ ಏನಂತಾನ ಕೇಳ!" ಎಂದು ಹೆಂಡತಿಯನ್ನು ಕೂಗಿದ. ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹೇಳ. ಮತ್ತೊಮ್ಮೆ ಹೇಳ," ಅಂದ. ಮತ್ತೊಮ್ಮೆ ಹೇಳಿದೆ. ಪರಶ್ಯಾ ಎದೆ ಸೆಟೆಸಿ ನಿಂತಿದ್ದ. ಇಷ್ಟು ವರ್ಷ ನಾನು ನೋಡಿರದ ಆ ಹಳೆಯ ಜಂಬ ಅವನ ಮುಖದಲ್ಲಿತ್ತು, ಕಣ್ಣಲ್ಲಿ ನೀರೂ ಇತ್ತು. ಆಕೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಅವ್ರ ಕೈಯಾಗಿನ ಬನ್ನಿ ಹೆಂಗ್ ತಗೊಂಡ್ರಿ ಅಣ್ಣಾ?"

ಬಟ್ಟೆ ಸುತ್ತಿದ ಗನ್ ಅನ್ನು ಕಟ್ಟೆಯ ಮೇಲೆ ಪರಶ್ಯಾನ ಮುಂದಿಟ್ಟೆ. ನನ್ನ ಬಣ್ಣ ಆ ಕಲ್ಲುಗಳನ್ನು ತಡೆಯುತ್ತಿತ್ತೋ ಇಲ್ಲವೋ — ಅದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಸನ್ಮಾನದ ದಿನ ಎಲ್ಲರ ಮುಂದೆ ಹೇಳುತ್ತೇನೆ, ನೀನೂ ಬಾ ಎಂದು ಬೇಡಿಕೊಂಡೆ. ಪರಶ್ಯಾ ಗನ್ನಿನ ಬಟ್ಟೆ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ನಾ ಬರಂಗಿಲ್ಲ. ನನಗ ತಿಳೀತಲ್ಲ, ಸಾಕು. ನೀ ಹೋಗಿ ಹೇಳ."

ಹೋಗಿ ಹೇಳಿದೆ. ಶಾಲು ಹೊದಿಸಿಕೊಳ್ಳಲಿಲ್ಲ. ಆ ಪೈಜು ಗೆದ್ದವನು ಖಾನಾಪುರದ ಪರಶುರಾಮ ಎಂದು ಮೈಕಿನಲ್ಲಿ ಹೇಳಿದಾಗ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದಕ್ಕೇ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದೆ.