ನನ್ನ ಫೋಟೋಗೆ ಹತ್ತಿಯ ಕಾಗದ

ನಾನು ಸತ್ತ ಮೇಲೆ ಗೋಡೆಗೆ ಹಾಕುವ ಫೋಟೋಗೆ ಕಾಗದವನ್ನು ನಾನೇ ಆರಿಸಿ ಬಂದಿದ್ದೇನೆ. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಮದುವೆಯ ಸೀರೆ ಆರಿಸುವಾಗ ನನ್ನನ್ನು ಯಾರೂ ಕೇಳಲಿಲ್ಲ, ಇದಾದರೂ ನನ್ನಿಷ್ಟದ್ದಾಗಲಿ.

ನನಗಿದ್ದ ಭಯ ಒಂದೇ, ನಮ್ಮತ್ತೆಗೆ ಬಂದ ಗತಿ ನನಗೂ ಬಂದೀತೆಂದು. ಹೆಬ್ಬೂರಿನ ಮನೆಯಲ್ಲಿ ಅವರ ಫೋಟೋವನ್ನು ನಾನು ಪ್ರತಿ ಗೌರಿಹಬ್ಬಕ್ಕೆ ಚೌಕಟ್ಟಿನ ಸಮೇತ, ಹಿತ್ತಾಳೆ ಪಾತ್ರೆಗಳ ಜೊತೆಗೇ ತೊಳೆದುಬಿಡುತ್ತಿದ್ದೆ. ನೀರು ಒಳಗಿಳಿದು ನುಣುಪು ಕಾಗದ ಗಾಜಿಗೆ ಕಚ್ಚಿಕೊಂಡಿತು. ಬಿಡಿಸಲು ಹೋದೆ, ಮೂಗು ಗಾಜಿನಲ್ಲೇ ಉಳಿಯಿತು. ಅಂದಿನಿಂದ ಕುಂಕುಮವನ್ನು ಹಣೆಗಿಡದೆ ಮೂಗಿನ ಜಾಗಕ್ಕೇ ಇಡುತ್ತಾ ಬಂದೆ. ಯಾರೂ ಗಮನಿಸಲಿಲ್ಲ. ಬದುಕಿದ್ದಾಗ ಆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಹೆಂಗಸು!

ಮೊಮ್ಮಗಳು ಸಿಂಧು ನನ್ನದೊಂದು ಫೋಟೋ ತೆಗೆದಿದ್ದಳು. ಅದನ್ನು ಪ್ರಿಂಟ್ ಹಾಕಿಸಲು ತುಮಕೂರಿನ ಪೇಟೆಗೆ ಹೋದೆವು. ಅಂಗಡಿಯವನು ಮೊದಲು ಹೊಳೆಯುವ ಕಾಗದ ತೋರಿಸಿದ.

"ಇದ್ರಲ್ಲಿ ಮುಖ ಫಳಫಳ ಅಂತದೆ ಅಜ್ಜಿ. ಸುಕ್ಕೆಲ್ಲ ತೆಗ್ದುಬುಡ್ತೀನಿ."

"ಸುಕ್ಕು ತೆಗುದ್ರೆ ಅದು ನನ್ ತಂಗಿ ಫೋಟೋ ಆಯ್ತದೆ. ಎಣ್ಣೆ ಬಳ್ಕೊಂಡು ಕೂತಂಗೈತೆ, ಬುಡು. ಬೇರೆ ತೋರ್ಸು."

ಕೊನೆಗೆ ಫೈನ್ ಆರ್ಟ್ ಪೇಪರ್ ಎಂದು ದಪ್ಪನೆಯದೊಂದನ್ನು ತಂದ. ಹತ್ತಿಯಿಂದ ಮಾಡಿದ್ದಂತೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗದ ಗೊತ್ತಿಲ್ಲ, ಹತ್ತಿ ಗೊತ್ತು. ಸೀರೆಯ ಸೆರಗು ನೋಡುವಂತೆ ಮೂಲೆಯನ್ನು ಎರಡು ಬೆರಳಲ್ಲಿ ಹೊಸಕಿ ನೋಡಿದೆ.

"ಅಯ್ಯೋ, ಮುಟ್ಬೇಡಿ ಅಜ್ಜೀ! ಕೈ ಜಿಡ್ಡು ತಾಗಿದ್ರೂ ಕಲೆ ಆಯ್ತದೆ!"

ಗಂಜಿ ಹಾಕಿದ ಪಂಚೆಯ ಹಾಗೆ ಗಟ್ಟಿ, ಹೊಳಪಿಲ್ಲ. ನನ್ನ ಹಾಗೇ. ಇದೇ ಇರಲಿ ಎಂದೆ. ಆದರೆ ಜಿಡ್ಡೇ ತಡೆಯದ್ದು ನೀರು ತಡೆದೀತೇ?

"ಫ್ರೇಮ್ ಹಾಕೋವಾಗ ಗಾಜಿಗೂ ಇದಕ್ಕೂ ಮಧ್ಯ ಒಂದ್ ಬೆಂಕಿಕಡ್ಡಿಯಷ್ಟು ಸಂದು ಬುಡಪ್ಪ," ಎಂದೆ.

ಅವನು ಸಿಂಧುವಿನ ಮುಖ ನೋಡಿದ. "ಅಜ್ಜಿ ಈ ಕೆಲ್ಸ ಎಲ್ಲಿ ಕಲ್ತ್ರು?"

ಅತ್ತೆಯ ಮೂಗಿನ ಕಥೆ ಅವನಿಗ್ಯಾಕೆ?

ಈಗ ನಾವಿರುವ ಉಪ್ಪಾರಹಳ್ಳಿಯ ಮನೆಗೆ ಫೋಟೋ ಬಂದಾಗ ಸೊಸೆ ರತ್ನ ಗಾಬರಿಯಾದಳು. "ಅತ್ತೆ, ಸತ್ತೋರ ಸಾಲಲ್ಲಿ ಬದುಕಿರೋರ್ನ ಹಾಕ್ತಾರಾ? ಅಪಶಕುನ!" ನಾನು ಕೇಳಲಿಲ್ಲ, ಹೆಬ್ಬೂರಿನಿಂದ ತಂದಿದ್ದ ಮೂಗಿಲ್ಲದ ಅತ್ತೆಯ ಪಕ್ಕದಲ್ಲೇ ಮೊಳೆ ಹೊಡೆಸಿದೆ.

ಗೌರಿಹಬ್ಬದ ಹಿಂದಿನ ದಿನ ರತ್ನ ಒದ್ದೆಬಟ್ಟೆ ಹಿಂಡಿಕೊಂಡು ನನ್ನ ಫೋಟೋ ಕಡೆಗೆ ಹೊರಟಳು.

"ಒಣಬಟ್ಟೆ ತಗೊಳ್ಳೇ!" ಕುರ್ಚಿಯಿಂದಲೇ ಕೂಗಿದೆ.

ಇದಕ್ಕೇ ಫೋಟೋ ಈಗಲೇ ಹಾಕಿಸಿದ್ದು. ಒರೆಸುವುದನ್ನು ಸತ್ತ ಮೇಲೆ ಬಂದು ಹೇಳಿಕೊಡಲು ಆಗುತ್ತದೆಯೇ?